ಒಂದು ದ್ವಾರದಿಂದ ಕಂಪ್ಯೂಟರಿಗೆ

ಕಂಪ್ಯೂಟರೆಂದರೆ ವಿಜ್ಞಾನದವರ ಸೊತ್ತು, ಕಲಾ ವಿದ್ಯಾರ್ಥಿಗಳಿಗೆ ಅದರ ಗೊಡವೆ ಏಕೆ ಎಂದು ನಮ್ಮಲ್ಲಿ ಅನೇಕರು ಭಾವಿಸುವುದುಂಟು. 'ಟ್ಯೂರಿಂಗ್ ಕಂಪ್ಲೀಟ್' ಎಂಬ ಕಂಪ್ಯೂಟರ್ ಆಟ ಈ ಭಾವನೆಯನ್ನು ತೊಡೆದುಹಾಕಬಲ್ಲದು.

ಆಟಗಾರನಿಗೆ ಮೊದಲು ದೊರೆಯುವುದು 'ನ್ಯಾಂಡ್' ಎಂಬ ಒಂದೇ ಬಗೆಯ ದ್ವಾರ. ಅದರ ಎರಡು ಒಳದಾರಿಗಳಲ್ಲಿಯೂ ಸಂಕೇತ ಬಂದರೆ ಹೊರಗೆ ಸಂಕೇತ ಹೋಗುವುದಿಲ್ಲ. ಉಳಿದೆಲ್ಲ ಸಂದರ್ಭಗಳಲ್ಲಿ ಹೋಗುತ್ತದೆ. ಎರಡು ಒಳದಾರಿಗಳಿಗೂ ಒಂದೇ ತಂತಿಯನ್ನು ಜೋಡಿಸಿದರೆ 'ಅಲ್ಲ' ಎನ್ನುವ ದ್ವಾರ ಸಿದ್ಧ. ಇದನ್ನು ಇನ್ನೊಂದು ನ್ಯಾಂಡಿನ ಹೊರದಾರಿಗೆ ಸೇರಿಸಿದರೆ 'ಮತ್ತು' ಎನ್ನುವ ದ್ವಾರ. ಹೀಗೆ ಒಗಟುಗಳನ್ನು ಬಿಡಿಸುತ್ತ, ಅಂಕಿಗಳನ್ನು ಕೂಡುವ ಮಂಡಲ, ನೆನಪಿಡುವ ಮಂಡಲ, ಕಡೆಗೆ ಆದೇಶಗಳನ್ನು ಪಾಲಿಸುವ ಕಂಪ್ಯೂಟರನ್ನೇ ಅವನು ಕಟ್ಟುತ್ತಾನೆ.

ಈ ಆಟ ಪೂರ್ಣಗೊಳ್ಳುವ ಮೊದಲೇ, 2021ರ ಅಕ್ಟೋಬರಿನಲ್ಲಿ, ಆಡುವವರ ಕೈಸೇರಿತು. ಅಲ್ಲಿಂದ ಮುಂದೆ ಅವರು ಆಡುತ್ತಿರುವಂತೆಯೇ ಅದನ್ನು ತಿದ್ದಿ ಬೆಳೆಸಲಾಯಿತು.

ಆದರೆ ಅದರ ಬೇರು ಹಳೆಯದು. ಇಂಥ ಒಂದೇ ಕ್ರಿಯೆಯಿಂದ ತರ್ಕದ ಉಳಿದ ಕ್ರಿಯೆಗಳನ್ನು ಪಡೆಯಬಹುದೆಂದು 1913ರಲ್ಲಿ ತೋರಿಸಿದ ಹೆನ್ರಿ ಶೆಫರ್ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದವರು. 1937ರಲ್ಲಿ ಕ್ಲಾಡ್ ಶ್ಯಾನನ್ನರು ತರ್ಕದ ಬೀಜಗಣಿತವನ್ನು ವಿದ್ಯುನ್ಮಂಡಲಗಳಿಗೆ ಅನ್ವಯಿಸಿದರು. ನಾವು ತರ್ಕಶಾಸ್ತ್ರದಲ್ಲಿ ಓದುವ 'ಅಲ್ಲ', 'ಮತ್ತು', 'ಅಥವಾ'ಗಳೇ ಯಂತ್ರದ ಒಳಗೂ ಇವೆ. ಅವನ್ನು ಬಲ್ಲವರಿಗೆ ಕಂಪ್ಯೂಟರು ಮಾಯಾಪೆಟ್ಟಿಗೆಯಾಗಿ ಉಳಿಯಬೇಕಾಗಿಲ್ಲ.