ಹಾಳೆಗೆ ಟೊಪ್ಪಿ ಸೇರಿದ ಬಗೆ

ನರಸಿಂಹರಾಜಪುರದ ಕಡೆಯ ಅಡಿಕೆ ತೋಟಗಳಲ್ಲಿ ಹಾಳೆಟೊಪ್ಪಿ ಇನ್ನೂ ಮರೆಯಾಗಿಲ್ಲ. ಉದುರಿದ ಸೋಗೆಯ ಬುಡದ ಅಗಲ ಹಾಳೆಯನ್ನು ಬಿಡಿಸಿ, ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಎರಡೂ ತುದಿಗೆ ನೆರಿಗೆ ಹಿಡಿದು ಮಡಿಸಿ ಹೊಲಿಯುತ್ತಾರೆ. ಒಣಗಿದ ಹಾಗೆ ಗಟ್ಟಿಯಾಗಿ ತಲೆಯ ಅಳತೆಗೆ ನಿಲ್ಲುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಮೇಲಿಂದ ತೊಟ್ಟಿಕ್ಕುವ ಔಷಧಿಯನ್ನು ತಡೆಯುವುದೂ ಅದೇ, ತಲೆಹೊರೆಯ ಒತ್ತು ತಾಳುವುದೂ ಅದೇ.

ಹೆಸರಿನ ಮೊದಲರ್ಧ ಬಹಳ ಹಳೆಯದು. ಪಾಲು ಹಾಲಾಗಿ, ಪೂ ಹೂವಾದ ದಾರಿಯಲ್ಲೇ ‘ಪಾಳೆ’ ಕನ್ನಡದಲ್ಲಿ ‘ಹಾಳೆ’ಯಾಯಿತು. ತುಳುವರು ಪಾಳೆ ಎಂದೇ ಉಳಿಸಿಕೊಂಡರು. ಮಲಯಾಳದಲ್ಲಿ ಅದು ಪಾಳ. ಕೇರಳದಿಂದ ಬಂದು ನೆಲೆಸಿದವರು ಈ ತಾಲ್ಲೂಕಿನಲ್ಲಿ ಬಹಳ ಮಂದಿ ಇರುವುದರಿಂದ ಒಂದೇ ತೋಟದಲ್ಲಿ ಹಳೆಯ ಪಕಾರವೂ ಹೊಸ ಹಕಾರವೂ ಕಿವಿಗೆ ಬೀಳುತ್ತವೆ. ನನಗೆ ಇದು ಶಾಸನ ಓದಿದಷ್ಟೇ ಖುಷಿ ಕೊಡುತ್ತದೆ.

ಎರಡನೆಯ ಅರ್ಧ ಹಿಂದಿ, ಮರಾಠಿಗಳ ‘ಟೋಪಿ’ಯ ನೆಂಟ. ಕನ್ನಡ ಅದಕ್ಕೆ ಒತ್ತು ಕೊಟ್ಟು ಟೊಪ್ಪಿ ಮಾಡಿತು, ಸಾಲದೆಂದು ‘ಗೆ’ ಸೇರಿಸಿ ಟೊಪ್ಪಿಗೆಯನ್ನೂ ಮಾಡಿತು. ಹಾಗಾಗಿ ‘ಟೊಪ್ಪಿಗೆ’ ಎಂದರೆ ವಸ್ತುವೂ ಹೌದು, ಟೊಪ್ಪಿಯ ಚತುರ್ಥಿಯೂ ಹೌದು. ವಸ್ತುವಿಗೆ ವಿಭಕ್ತಿ ಹಚ್ಚಿದರೆ ಟೊಪ್ಪಿಗೆಗೆ! ಮಳೆ, ಕಾಲ ಸೇರಿ ಮಳೆಗಾಲ ಆಗುವಂತೆ ಹಾಳೆ, ಟೊಪ್ಪಿ ಸೇರುವಾಗ ಅಕ್ಷರ ಬದಲಾಗುವುದಿಲ್ಲ. ಆದೇಶ ಸಂಧಿ ಮುಟ್ಟುವುದು ಕ, ತ, ಪಗಳನ್ನು, ಟಕಾರವನ್ನಲ್ಲ.

ಮಲೆನಾಡಿನ ಇನ್ನೊಂದು ತಲೆಗಾಪು ಕಂಬಳಿಕೊಪ್ಪೆ. ಮೈಗೆ ಹೊದೆಯುವ ಕಂಬಳಿಯನ್ನೇ ಮೂಲೆ ಮಡಿಸಿ ತಲೆಗೇರಿಸಿದರೆ ಕೊಪ್ಪೆ. ಮಳೆಗೆ ಹೆಸರಾದ ದೂರದ ಐರ್ಲೆಂಡಿನಲ್ಲೂ ಹೆಗಲಿನ ಬಟ್ಟೆಯ ಹೆಸರು ತಲೆಗೆ ಹತ್ತಿದೆ. ಐರಿಷ್‌ನಲ್ಲಿ ‘ಕಾಬಾ’ ಎಂದರೆ ಹೆಗಲ ಮೇಲಿನ ಹೊದಿಕೆ. ಅದಕ್ಕೆ ಕಿರಿದೆಂಬ ಅರ್ಥದ ‘ಈನ್’ ಪ್ರತ್ಯಯ ಹತ್ತಿ ‘ಕಾಬೀನ್’ ಆಯಿತು. ಹಳೆಯ ಟೊಪ್ಪಿಗೆ ಆ ಹೆಸರು ನಿಂತಿತು. ಇಂಗ್ಲಿಷರೂ ಅದನ್ನು ಎರವಲು ಪಡೆದರು, ಐರಿಷ್ ಪಡೆಗಳ ಸೈನಿಕರ ಟೊಪ್ಪಿಗೂ ಈಗ ಅದೇ ಹೆಸರು.

ಐರಿಷ್‌ನಲ್ಲಿ ಕಾಬೀನ್ ಪುಲ್ಲಿಂಗ. ನಮ್ಮ ಟೊಪ್ಪಿ, ಪೇಟ, ಕೊಪ್ಪೆ ಎಲ್ಲವೂ ನಪುಂಸಕ. ಕನ್ನಡ ಇವುಗಳ ಭೇದ ಎಣಿಸುವುದು ಕ್ರಿಯಾಪದದಲ್ಲಿ: ಪೇಟ ಸುತ್ತಬೇಕು, ಮುಂಡಾಸು ಕಟ್ಟಬೇಕು, ಕಂಬಳಿ ಹೊದೆಯಬೇಕು, ಹೂವಾದರೆ ಮುಡಿಯಬೇಕು. ಟೋಪಿಯನ್ನು ನಾವೇ ಹಾಕಿಕೊಂಡರೆ ಉಡುಪು, ಇನ್ನೊಬ್ಬರಿಗೆ ಹಾಕಿದರೆ ಮೋಸ. ‘ಕೊಳ್ಳು’ ಒಂದೇ ಆ ಗೆರೆ ಎಳೆಯುತ್ತದೆ.