ಕಾಗದ ಹೊರಬೀಳುವುದೆಲ್ಲಿ?

ಕಚೇರಿಗಳಲ್ಲಿ ಗುಮಾಸ್ತಗಿರಿ ಮಾಡುವ ನಮ್ಮವರಿಗೂ, ಉಪಾಹಾರಗೃಹಗಳ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಿಲ್ಲು ತೆಗೆಯುವ ನಮ್ಮವರಿಗೂ ಸಮಾನವಾದ ತೊಂದರೆಯೊಂದುಂಟು. ಗಣಕಯಂತ್ರಕ್ಕೆ ‘ಮುದ್ರಿಸು’ ಎಂದು ಅಪ್ಪಣೆ ಕೊಟ್ಟಾಯಿತು. ಕಾಗದವೋ ಪಕ್ಕದ ಪ್ರಿಂಟರಿನಿಂದ ಬಾರದೆ ಮತ್ತಾವುದೋ ಕೋಣೆಯಲ್ಲಿ, ಮತ್ತಾರದೋ ಕಣ್ಣೆದುರಿಗೆ ಹೊರಬೀಳುತ್ತದೆ.

ಇದನ್ನು ಅಲ್ಪ ಸಂಗತಿಯೆಂದು ನಗುವವರಿದ್ದಾರೆ. ನಾವೂ ನಗುತ್ತಿದ್ದೆವು. ಮುಂಬಯಿಯ ಫೋರ್ಟ್ ಭಾಗದ ಒಂದು ಕಚೇರಿಯಲ್ಲಿ ನಾವು ಲೆಕ್ಕದ ಮೇಜಿನಲ್ಲಿದ್ದ ಕಾಲದಲ್ಲಿ, ಸಂಬಳದ ಬಡ್ತಿಯ ಪಟ್ಟಿಯನ್ನು ಮುದ್ರಿಸಿ ಲಕೋಟೆಯಲ್ಲಿಟ್ಟು ಮೇಲಧಿಕಾರಿಗೆ ಒಪ್ಪಿಸಬೇಕಾಗಿತ್ತು. ಗುಂಡಿ ಒತ್ತಿದೆವು, ಪಕ್ಕದ ಯಂತ್ರ ಮಿಸುಕಲಿಲ್ಲ. ಮತ್ತೊಮ್ಮೆ ಒತ್ತಿದೆವು. ಅಷ್ಟರಲ್ಲಿ ಮೇಲಿನ ಮಹಡಿಯಲ್ಲಿ ಪಟ್ಟಿಯ ಎರಡು ಪ್ರತಿಗಳು ಕೈಯಿಂದ ಕೈಗೆ ದಾಟಿ, ಮಧ್ಯಾಹ್ನದ ಚಹಾದ ವೇಳೆಗೆ ಯಾರಿಗೆಷ್ಟು ಹೆಚ್ಚಿತೆಂಬುದು ಜವಾನನಿಗೂ ಬಾಯಿಪಾಠವಾಗಿತ್ತು. ನಾವು ಲಿಖಿತ ವಿವರಣೆ ಕೊಡಬೇಕಾಯಿತು. ಹಿಂದಿನ ಸಂಜೆ ಅದೇ ಕುರ್ಚಿಯಲ್ಲಿ ಕುಳಿತಿದ್ದ ಸಹೋದ್ಯೋಗಿ ತನ್ನ ಅನುಕೂಲಕ್ಕಾಗಿ ಪ್ರಿಂಟರನ್ನು ಬದಲಿಸಿ, ಹಾಗೆಯೇ ಬಿಟ್ಟು ಲೋಕಲ್ ಹಿಡಿಯಲು ಓಡಿದ್ದನೆಂಬುದು ಆಮೇಲೆ ತಿಳಿಯಿತು.

ಇದರ ಒಳಗುಟ್ಟು ಸರಳವಾದುದು. ವಿಂಡೋಸ್ ಗಣಕದಲ್ಲಿ ಪ್ರಿಂಟರುಗಳು ಎಷ್ಟೇ ಇರಲಿ, ಅವುಗಳಲ್ಲೊಂದಕ್ಕೆ ‘ಡಿಫಾಲ್ಟ್’ ಎಂಬ ಪಟ್ಟ ಕಟ್ಟಲಾಗುತ್ತದೆ. ಬೇರೇನೂ ಹೇಳದೆ ಕಳುಹಿಸಿದ ಕಾಗದವೆಲ್ಲ ಅದರ ಪಾಲು. ವಿಂಡೋಸ್ ೩.೧ರ ಕಾಲದಲ್ಲಿ ಈ ಪಟ್ಟದ ಹೆಸರು ‘ವಿನ್ ಡಾಟ್ ಐಎನ್‌ಐ’ ಎಂಬ ಕಡತದ ಒಂದೇ ಸಾಲಿನಲ್ಲಿ ಬರೆದಿರುತ್ತಿತ್ತು. ಮುಂದೆ ಎನ್‌ಟಿ ವಂಶದ ಗಣಕಗಳಲ್ಲಿ ಅದನ್ನು ಬಳಕೆದಾರನೊಬ್ಬೊಬ್ಬನಿಗೂ ಪ್ರತ್ಯೇಕವಾಗಿ ಬರೆದಿಡುವ ಏರ್ಪಾಡಾಯಿತು. ಏರ್ಪಾಡೇನೋ ಒಳ್ಳೆಯದೇ, ಆದರೆ ಮೂರು ಪಾಳಿಯವರೂ ಒಂದೇ ಹೆಸರು, ಒಂದೇ ಗುಪ್ತಪದದಿಂದ ಒಳಹೋಗುವ ಗಲ್ಲೆಗಳಲ್ಲಿ ಅದರಿಂದ ಪ್ರಯೋಜನವೇನು? ಹಗಲಿನವನು ಕಟ್ಟಿದ ಪಟ್ಟ ರಾತ್ರಿಯವನ ತಲೆಗೆ.

೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಪಟ್ಟ ಬದಲಿಸಬೇಕಾದರೆ ‘ಸ್ಟಾರ್ಟ್’ ಒತ್ತಿ, ಪ್ರಿಂಟರುಗಳ ಕೋಣೆಯನ್ನು ತೆರೆದು, ಬೇಕಾದುದರ ಮೇಲೆ ಇಲಿಯ ಬಲಗುಂಡಿಯೊತ್ತಿ, ಪಟ್ಟಿಯಲ್ಲಿ ಹುಡುಕಿ ಆರಿಸಬೇಕು. ದಿನಕ್ಕೊಮ್ಮೆಯಾದರೆ ಸರಿ, ಗಿರಾಕಿಗಳ ಸಾಲು ಬೆಳೆದಿರುವಾಗ ಗಂಟೆಗೆ ಹತ್ತು ಸಲವೆಂದರೆ ಯಾರ ತಾಳ್ಮೆ ಉಳಿದೀತು? ಈ ಕಾರಣಕ್ಕಾಗಿಯೇ ಗಡಿಯಾರದ ಪಕ್ಕದಲ್ಲಿ ಪುಟ್ಟ ಚಿತ್ರವಾಗಿ ಕುಳಿತು, ಒತ್ತಿದೊಡನೆ ಪ್ರಿಂಟರುಗಳ ಹೆಸರು ತೋರಿಸಿ, ಒಂದನ್ನು ಮುಟ್ಟಿದರೆ ಅದಕ್ಕೇ ಪಟ್ಟ ಕಟ್ಟುವ ಕಿರು ತಂತ್ರಾಂಶಗಳನ್ನು ಹಲವರು ಬರೆದು ಹಂಚಿದರು. ಇಷ್ಟು ಚಿಕ್ಕ ಕೆಲಸಕ್ಕೆ ಇಷ್ಟು ಉಪಕಾರ ಮಾಡಿದ ತಂತ್ರಾಂಶ ಮತ್ತೊಂದನ್ನು ನಾವು ಕಂಡಿಲ್ಲ.

ಆದರೆ ಗುರುತು ತಿಳಿಯದವರ ತಂತ್ರಾಂಶವನ್ನು ಗಲ್ಲೆಯ ಗಣಕಕ್ಕೆ ಸೇರಿಸಬೇಡಿರೆಂಬುದು ನಮ್ಮ ವಿನಂತಿ. ಎಕ್ಸ್‌ಪಿಗೆ ಕಂಪನಿಯ ರಕ್ಷಣೆಯು ೨೦೧೪ರ ಏಪ್ರಿಲ್ ೮ರಂದೇ ಮುಗಿದಿದೆ. ಅದೇ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು. ವಿಂಡೋಸ್ ೨೦೦೦ದಿಂದೀಚಿನ ಗಣಕಗಳಲ್ಲಿ ‘ಪ್ರಿಂಟ್‌ಯುಐ’ ಎಂಬ ಭಾಗ ಮೊದಲೇ ಅಡಗಿದೆ. ‘ರನ್‌ಡಿಎಲ್‌ಎಲ್೩೨’ರ ಮೂಲಕ ಅದನ್ನು ಕರೆದು, ‘ಓರೆಗೆರೆ ವೈ’ ಎಂದರೆ ಪಟ್ಟ ಕಟ್ಟೆಂದೂ, ‘ಓರೆಗೆರೆ ಎನ್’ ಎಂದ ಮೇಲೆ ಪ್ರಿಂಟರಿನ ಹೆಸರೆಂದೂ ಒಂದೇ ಸಾಲಿನಲ್ಲಿ ಬರೆದು ಶಾರ್ಟ್‌ಕಟ್ ಆಗಿ ಉಳಿಸಿಕೊಂಡರಾಯಿತು. ಹೆಸರನ್ನು ಉದ್ಧರಣ ಚಿಹ್ನೆಗಳೊಳಗೆ, ಗಣಕ ತೋರಿಸುವಂತೆಯೇ ಅಕ್ಷರಶಃ ಬರೆಯಬೇಕು. ಕಚೇರಿಯ ಗಣಕಗಳನ್ನು ನೋಡಿಕೊಳ್ಳುವವರಿಗೆ ಇಷ್ಟು ಸೂಚನೆ ಸಾಕು, ಐದು ನಿಮಿಷದ ಕೆಲಸ. ಪ್ರಿಂಟರಿಗೊಂದರಂತೆ ಮಾಡಿಸಿ ಮೇಜುತೆರೆಯ ಮೇಲಿಟ್ಟುಕೊಂಡರೆ ಎರಡು ಸಲ ಒತ್ತಿದೊಡನೆ ಕಾರ್ಯವಾಗುತ್ತದೆ. ಪಟ್ಟ ಬದಲಿಸುವ ಮೊದಲೇ ತೆರೆದಿದ್ದ ಕೆಲವು ತಂತ್ರಾಂಶಗಳು ಮಾತ್ರ ಹಳೆಯ ಪ್ರಿಂಟರನ್ನೇ ಹಿಡಿದು ಕುಳಿತಿರುತ್ತವೆ. ಅವನ್ನು ಮುಚ್ಚಿ ಮತ್ತೆ ತೆರೆಯತಕ್ಕದ್ದು.

ಹೋಟೆಲಿನವರಿಗೆ ಪ್ರತ್ಯೇಕವಾಗಿ ಒಂದು ಮಾತು. ಡಾಸ್ ಕಾಲದ ಬಿಲ್ಲಿನ ತಂತ್ರಾಂಶಗಳು ಈ ಪಟ್ಟವನ್ನು ಲೆಕ್ಕಿಸುವುದೇ ಇಲ್ಲ. ಅವುಗಳ ಪಾಲಿಗೆ ‘ಎಲ್‌ಪಿಟಿ ೧’ ಎಂಬ ಬಾಗಿಲೊಂದೇ ಲೋಕ. ಬೇರೆ ಕೋಣೆಯ ಪ್ರಿಂಟರಿಗೆ ಕಾಗದ ಹೋಗಬೇಕಾದರೆ ‘ನೆಟ್ ಯೂಸ್’ ಎಂಬ ಆಜ್ಞೆಯಿಂದ ಆ ಬಾಗಿಲನ್ನೇ ಅತ್ತ ತಿರುಗಿಸಬೇಕಾಗುತ್ತದೆ. ಅಡುಗೆಮನೆಗೊಂದು, ಗಲ್ಲೆಗೊಂದು ಎಂದು ಕಾರ್ಬನ್ ಪ್ರತಿ ತೆಗೆಯುವವರು ಸೂಜಿ ಬಡಿಯುವ ಡಾಟ್ ಮ್ಯಾಟ್ರಿಕ್ಸನ್ನು ಬಿಡುವಂತಿಲ್ಲ. ಲೇಸರ್ ಯಂತ್ರವು ಕಾಗದವನ್ನು ಬಡಿಯುವುದೇ ಇಲ್ಲವಾಗಿ ಅದರಲ್ಲಿ ಕಾರ್ಬನ್ ನಡೆಯದು.

೨೦೧೫ರ ನವೆಂಬರಿನಲ್ಲಿ ಬಂದ ವಿಂಡೋಸ್ ೧೦ರ ಪರಿಷ್ಕರಣದಿಂದ ಗಣಕವೇ ಜಾಣತನ ತೋರಿಸತೊಡಗಿತು: ಕೊನೆಗೆ ಯಾವ ಪ್ರಿಂಟರನ್ನು ಬಳಸಿದಿರೋ ಅದಕ್ಕೇ ಪಟ್ಟ. ನಮ್ಮ ಮಟ್ಟಿಗೆ ಈ ಜಾಣತನ ಬೇಡವಾಗಿತ್ತು. ಸೆಟ್ಟಿಂಗಿನಲ್ಲಿ ಆ ಗುರುತನ್ನು ತೆಗೆದುಹಾಕಿದರೆ ಅಧಿಕಾರ ಮರಳಿ ನಮ್ಮ ಕೈಗೆ ಬರುತ್ತದೆ.

ತಪ್ಪಿ ಹೋದ ಕಾಗದವನ್ನು ತಡೆಯಲು ಪ್ರಿಂಟರಿನ ತಂತಿ ಕಿತ್ತವರನ್ನು ನಾವು ಕಂಡಿದ್ದೇವೆ. ಅದರಿಂದ ಫಲವಿಲ್ಲ, ಕೆಲಸವು ಸರದಿಯಲ್ಲಿ ಕಾದಿದ್ದು, ಯಂತ್ರಕ್ಕೆ ಜೀವ ಬಂದೊಡನೆ ಮತ್ತೆ ಹೊರಬೀಳುತ್ತದೆ. ಸರದಿಯ ಪಟ್ಟಿಯನ್ನು ತೆರೆದು ಅಲ್ಲಿಂದಲೇ ಅದನ್ನು ಅಳಿಸಬೇಕು. ನಮ್ಮ ಬಡ್ತಿಯ ಪಟ್ಟಿಯ ದಿನ ಇಷ್ಟು ತಿಳಿದಿದ್ದರೆ ಎರಡನೆಯ ಪ್ರತಿಯಾದರೂ ಉಳಿಯುತ್ತಿತ್ತು. ಆಮೇಲೆ ಸಹೋದ್ಯೋಗಿಯೂ ನಾವೂ ಸೇರಿ ಎರಡು ಶಾರ್ಟ್‌ಕಟ್ ಮಾಡಿಕೊಂಡು ‘ಮೇಲಿನ ಮಹಡಿ’, ‘ನಮ್ಮ ಮೇಜು’ ಎಂದು ಕನ್ನಡದಲ್ಲಿಯೇ ಹೆಸರಿಟ್ಟೆವು. ಕನ್ನಡ ಬಾರದವರು ಅವನ್ನು ಮುಟ್ಟಲಿಲ್ಲ. ಅದೂ ಒಂದು ಲಾಭವೇ ಆಯಿತು.