ಕೇಳ್ಮೆಯೂ ಬೇಕು, ಸಾಧಕವೂ ಬೇಕು

ಸಂಗೀತ ಪಾಠಕ್ಕೆ ಬರುವ ಮಕ್ಕಳಲ್ಲಿ ಎರಡು ಬಗೆ. ಕೆಲವರು ಎರಡು ಸಾಲು ಕೇಳಿದರೆ ಸಾಕು, ರಾಗದ ಹೆಸರು ಹೇಳುತ್ತಾರೆ. ಹಾಡು ಎಂದರೆ ಮಾತ್ರ ದನಿ ಹೊರಡದು. ಇನ್ನು ಕೆಲವರು ಸರಳೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲೂ ತಪ್ಪದೆ ಹಾಡುತ್ತಾರೆ. ಒಂದು ಕಛೇರಿಯನ್ನೂ ಕೂತು ಕೇಳಿರುವುದಿಲ್ಲ. ಅವರ ಸ್ವರ ಸರಿಯಿದ್ದರೂ ರಾಗ ಮೂಡುವುದಿಲ್ಲ.

8ನೇ ಮೇಳಕರ್ತವಾದ ತೋಡಿಯನ್ನೇ ನೋಡಿ. ಪುಸ್ತಕದಲ್ಲಿ ಅದರ ಗಾಂಧಾರಕ್ಕೆ ಇರುವುದು ‘ಗ’ ಎಂಬ ಒಂದೇ ಅಕ್ಷರ. ಹಾಡುವಾಗ ಆ ಸ್ವರ ನಿಂತಲ್ಲಿ ನಿಲ್ಲದೆ ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತದೆ. ಎಷ್ಟು ತೂಗಬೇಕು, ಎಷ್ಟು ನಿಧಾನವಾಗಿ ಎಂಬುದನ್ನು ಕಿವಿಯೇ ಹಿಡಿಯಬೇಕು. ಹಿಡಿದದ್ದು ಗಂಟಲಿಗೆ ಇಳಿಯಲು ಹಾಡಲೇಬೇಕು.

ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ಪಾಠ ಬಂದೇಬಿಟ್ಟಿತು ಅನ್ನಿಸುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಈ ಭ್ರಮೆಯನ್ನು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಯಲು ಮಾಡಿದರು. ಗದ್ಯಭಾಗವೊಂದನ್ನು ಓದಿದ ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನೇ ಮತ್ತೆ ಓದಿದರು, ಕೆಲವರು ನೆನಪಿದ್ದಷ್ಟನ್ನು ನೋಡದೆ ಬರೆದರು. 5 ನಿಮಿಷದ ನಂತರ ಮತ್ತೆ ಓದಿದವರದೇ ಮೇಲುಗೈ. ವಾರ ಕಳೆದಾಗ ಅವರಿಗೆ ಉಳಿದದ್ದು ಶೇ 42ರಷ್ಟು, ನೋಡದೆ ಬರೆದವರಿಗೆ ಶೇ 56ರಷ್ಟು. ಅದು ಓದಿನ ಪ್ರಯೋಗ. ಆದರೆ ‘ಪುಸ್ತಕ ಮುಚ್ಚಿ ಹಾಡು’ ಎನ್ನುವ ಮೇಷ್ಟರು ಮಾಡಿಸುವುದೂ ಇದೇ ಕೆಲಸವನ್ನು.

ಹಾಗಾದರೆ ಸಾಧಕಕ್ಕೆ ಕೂತಾಗ ಏನು ಮಾಡಬೇಕು? ತೋಡಿ ವರ್ಣದ ಪಲ್ಲವಿಯಲ್ಲಿ ಒಂದೇ ಆವರ್ತ ಕೇಳಿ, ನಿಲ್ಲಿಸಿ. ತಂಬೂರಿ ಶ್ರುತಿಗೆ ಅದನ್ನು ನೋಡದೆ ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಮೂಲವನ್ನು ಇನ್ನೊಮ್ಮೆ ಕೇಳಿ. ಮೊದಲ ಸಲ ಸುಮ್ಮನೆ ಕೇಳಿದ ಕಿವಿ ಈಗ ಹುಡುಕುತ್ತದೆ: ನನ್ನ ಗಾಂಧಾರ ಎಲ್ಲಿ ಅಲುಗಾಡದೆ ನಿಂತುಬಿಟ್ಟಿತು? ಅವರದು ಎಲ್ಲಿಂದ ಹೊರಟಿತು? ಹಾಡಿ ಎಡವಿದವರಿಗೆ ಮಾತ್ರ ಈ ಪ್ರಶ್ನೆ ಹುಟ್ಟುತ್ತದೆ. ಕೇಳದೆ ಬರೀ ಉರು ಹೊಡೆದರೆ ತಪ್ಪು ಗಮಕವೇ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಅದನ್ನು ತಿದ್ದುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಕೇಳುವ ಅವಕಾಶಕ್ಕೆ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವ ಇಂದಿಗೂ ನಡೆಯುತ್ತಿದೆ. ಮಕ್ಕಳನ್ನು ಇಂಥ ಕಛೇರಿಗಳಿಗೆ ಖಂಡಿತ ಕರೆದೊಯ್ಯಿರಿ. ಮನೆಗೆ ಬಂದ ಮೇಲೆ ‘ಹೇಗಿತ್ತು?’ ಎಂದಷ್ಟೇ ಕೇಳಿ ಬಿಡಬೇಡಿ. ನೆನಪಿರುವ ಒಂದು ಸಾಲನ್ನು ಅಂದೇ ಹಾಡಿಸಿ.